ಏಳು ವಾರದ ಕೂಸಿನ ಕಿಡ್ನಿಯಲ್ಲಿ ಗಡ್ಡೆ: ಮಲೆನಾಡಿನ ಒಂದು ಪ್ರಕರಣ

ಕಿಡ್ನಿಯಲ್ಲಿ ಗಡ್ಡೆ ಇದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ವಯಸ್ಸು. ಎಷ್ಟು ದೊಡ್ಡದು, ಎಡಕ್ಕೋ ಬಲಕ್ಕೋ ಅನ್ನುವುದೆಲ್ಲ ಆಮೇಲೆ. ಎರಡು ತಿಂಗಳ ಕೂಸು, ಮೂರು ವರ್ಷದ ಮಗು, ಐವತ್ತು ದಾಟಿದ ಹೆಂಗಸು: ಮೂವರ ಸ್ಕ್ಯಾನ್‌ನಲ್ಲೂ ಗಡ್ಡೆ ಹೆಚ್ಚುಕಡಿಮೆ ಒಂದೇ ತರ ಕಾಣಬಹುದು. ಕಾಯಿಲೆ ಮಾತ್ರ ಬೇರೆ ಬೇರೆ. ಚಿಕಿತ್ಸೆಯೂ ಬೇರೆ. ಇದನ್ನು ಸರಿಯಾಗಿ ಹಿಡಿಯದಿದ್ದರೆ ಬೇಡದ ಔಷಧಿ ಎಳೆಯ ಮೈಗೆ ಹೋಗುತ್ತದೆ. ಇಲ್ಲಿ ಬರೆಯುತ್ತಿರುವ ಪ್ರಕರಣದಲ್ಲಿ ಅದು ಸ್ವಲ್ಪದರಲ್ಲಿ ತಪ್ಪಿತು.

ನಾನು ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರು. ಮಗುವಿನ ಅಪ್ಪ ಅಮ್ಮ ಒಪ್ಪಿದ ಮೇಲೆಯೇ ಇದನ್ನು ಬರೆದಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಅಜ್ಜಿಯ ಕೈಗೆ ಸಿಕ್ಕಿದ್ದು

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಮಗು ಹೆಣ್ಣು, ಮೊದಲನೇದು. ದಿನ ತುಂಬುವ ಮೊದಲೇ, 36ನೇ ವಾರಕ್ಕೆ ಹುಟ್ಟಿತ್ತು. ತೂಕ ಎರಡೂವರೆ ಕಿಲೋ. ಎಂಟನೇ ತಿಂಗಳ ಸ್ಕ್ಯಾನ್‌ನಲ್ಲಿ 'ಗರ್ಭದ ನೀರು ಜಾಸ್ತಿ ಇದೆ' ಅಂತ ಬರೆದಿದ್ದರು. ತಾಯಿಗೆ ಸಕ್ಕರೆ ಕಾಯಿಲೆ ಇಲ್ಲ ಅಂತ ಪರೀಕ್ಷೆ ಮಾಡಿ ಅಲ್ಲಿಗೆ ಬಿಟ್ಟಿದ್ದರು. ಆ ಒಂದು ಸಾಲು ಮುಂದೆ ನಮಗೆ ಬಹಳ ಉಪಯೋಗಕ್ಕೆ ಬಂತು.

ಬಾಣಂತನ ತವರಿನಲ್ಲಿ. ಅಜ್ಜಿ ದಿನಾ ಬೆಳಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರು. ಒಂದು ದಿನ ಎದೆಯಿಂದ ಹೊಟ್ಟೆಗೆ ಕೈ ಇಳಿಸುವಾಗ ಎಡಪಕ್ಕೆಯ ಕೆಳಗೆ ಏನೋ ತಡೆಯಿತು. ಬಲಗಡೆ ಮೆತ್ತಗೆ, ಎಡಗಡೆ ಗಟ್ಟಿ. ಮಲ ಕಟ್ಟಿರಬೇಕು ಅಂದುಕೊಂಡರು. ಮಾರನೇ ದಿನ ಹಾಲು ಕುಡಿಸುವ ಮೊದಲೇ ಮುಟ್ಟಿ ನೋಡಿದರು. ಮಗು ಹೇತ ಮೇಲೆ ಇನ್ನೊಮ್ಮೆ ನೋಡಿದರು. ಗಂಟು ಅಲ್ಲೇ ಇತ್ತು.

ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಸುಲಿಯುವ ಕೆಲಸ. ವಾಯು ಇರಬಹುದು, ಓಮದ ನೀರು ಹಾಕಿ ಅಂದರು ಕೆಲವರು. ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಜ್ವರ ಇಲ್ಲ, ಅಳು ಇಲ್ಲ. ಆದರೂ ಅಜ್ಜಿ ಬಿಡಲಿಲ್ಲ. ಎರಡೂ ಕಡೆ ಹೋಲಿಸಿ ನೋಡುವುದು, ಹೊಟ್ಟೆ ಖಾಲಿಯಾದ ಮೇಲೆ ಮತ್ತೆ ನೋಡುವುದು: ನಾವು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುವುದೂ ಇದನ್ನೇ. ಎಳೆ ಮಕ್ಕಳ ಹೊಟ್ಟೆಯ ಗಡ್ಡೆಗಳಲ್ಲಿ ಎಷ್ಟೋ ಹೀಗೆ ಸ್ನಾನ ಮಾಡಿಸುವವರ ಕೈಗೇ ಮೊದಲು ಸಿಗುತ್ತವೆ.

ಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆಯ ಸ್ಕ್ಯಾನ್ ಆಯಿತು. 'ಎಡ ಕಿಡ್ನಿಯಲ್ಲಿ ದೊಡ್ಡ ಗಡ್ಡೆ, ವಿಲ್ಮ್ಸ್ ಟ್ಯೂಮರ್ ಇರಬಹುದು' ಅಂತ ವರದಿ ಬಂತು. ಸಣ್ಣ ಮಕ್ಕಳ ಕಿಡ್ನಿಯಲ್ಲಿ ಬರುವ ಒಂದು ಕ್ಯಾನ್ಸರ್ ಅದು. ಸಂಬಂಧಿಕರೊಬ್ಬರು ದೂರದ ಊರಿನ ಪರಿಚಯದ ವೈದ್ಯರಿಗೆ ಫೋನ್ ಮಾಡಿದರು. ಸೂಜಿ ಹಾಕಿ ತುಣುಕು ತೆಗೆದು ಖಚಿತ ಮಾಡಿಕೊಳ್ಳಿ, ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಆಪರೇಷನ್ ಅಂತ ಅಲ್ಲಿಂದ ಸಲಹೆ ಬಂತು. ಅಪ್ಪ ಆ ಮೂರು ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನನ್ನ ಹತ್ತಿರ ಬಂದರು. 'ಯಾವಾಗ ಶುರು ಮಾಡೋದು ಡಾಕ್ಟ್ರೇ?' ಅಂತ ಕೇಳಿದರು.

ಆ ಸಲಹೆ ಕೊಟ್ಟವರು ಏನೂ ತಿಳಿಯದೆ ಹೇಳಿದ್ದಲ್ಲ. ಮಕ್ಕಳ ಕಿಡ್ನಿ ಗಡ್ಡೆಗಳಲ್ಲಿ ಹತ್ತರಲ್ಲಿ ಒಂಬತ್ತು ವಿಲ್ಮ್ಸ್ ಗಡ್ಡೆಗಳೇ. ಮೂರು ವರ್ಷದ ಮಗುವಾಗಿದ್ದರೆ, ಮೊದಲು ನಾಲ್ಕು ವಾರ ವಿನ್‌ಕ್ರಿಸ್ಟಿನ್ ಮತ್ತು ಆಕ್ಟಿನೋಮೈಸಿನ್ ಅನ್ನುವ ಕೀಮೋ ಔಷಧಿ ಕೊಟ್ಟು ಆಮೇಲೆ ತೆಗೆಯುವುದು ಯುರೋಪಿನ ಪದ್ಧತಿ. ನಮ್ಮಲ್ಲೂ ಅನೇಕ ಕಡೆ ಹಾಗೇ ಮಾಡುತ್ತಾರೆ. ಅಮೆರಿಕದವರು ಮೊದಲು ಆಪರೇಷನ್ ಮಾಡುತ್ತಾರೆ. ಎರಡರಲ್ಲೂ ಫಲಿತಾಂಶ ಒಳ್ಳೆಯದೇ. ಆದರೆ ಆರು ತಿಂಗಳೊಳಗಿನ ಕೂಸಿನ ವಿಷಯಕ್ಕೆ ಬಂದರೆ ಎರಡೂ ಕಡೆಯವರದ್ದು ಒಂದೇ ಮಾತು: ತೆಗೆಯಲು ಸಾಧ್ಯವಿದ್ದರೆ ಮೊದಲು ತೆಗೆಯಿರಿ. ಫೋನಿನಲ್ಲಿ ಯಾರೂ ವಯಸ್ಸು ಸರಿಯಾಗಿ ಹೇಳಿರಲಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು

ತೂಕ 3.6 ಕಿಲೋ. ಮೈಬಣ್ಣ ಸ್ವಲ್ಪ ಬಿಳಿಚು, ಹಿಮೋಗ್ಲೋಬಿನ್ 9.2. ಎಡಹೊಟ್ಟೆಯಲ್ಲಿ ನಯವಾದ, ಗಟ್ಟಿ ಗಡ್ಡೆ. ನಡುಗೆರೆ ದಾಟಿರಲಿಲ್ಲ. ಒಂದೇ ಸಲ, ಹಗುರವಾಗಿ ಮುಟ್ಟಿ ಕೈ ತೆಗೆದೆ. ಇಂಥ ಮಗುವಿನ ಹೊಟ್ಟೆಯನ್ನು ಬಂದವರೆಲ್ಲ ಒತ್ತಿ ನೋಡಬಾರದು. ಒತ್ತಿದರೆ ಗಡ್ಡೆ ಒಡೆಯಬಹುದು, ಒಡೆದರೆ ಕಾಯಿಲೆಯ ಹಂತವೇ (ಎಷ್ಟು ಹರಡಿದೆ ಅನ್ನುವ ಲೆಕ್ಕ) ಬದಲಾಗುತ್ತದೆ. ವಾರ್ಡಿನಲ್ಲಿ ತೊಟ್ಟಿಲಿಗೆ ಒಂದು ಕಾಗದ ಅಂಟಿಸಿದೆವು: 'ಹೊಟ್ಟೆ ಮುಟ್ಟಬೇಡಿ'. ಎಣ್ಣೆ ನೀವುವುದನ್ನೂ ನಿಲ್ಲಿಸಲು ಹೇಳಿದೆ. ಅಜ್ಜಿಗೆ ಅದು ಕಷ್ಟವಾಯಿತು. ಕಾರಣ ಹೇಳಿದ ಮೇಲೆ ಬೇರೆಯವರು ಮುಟ್ಟದಂತೆ ಅವರೇ ಕಾವಲು ಕೂತರು.

ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪೊರೆ ಇದೆಯಾ ಅಂತ ನೋಡಿದೆ. ಎರಡೂ ಕಾಲು ಒಂದೇ ದಪ್ಪವಾ, ನಾಲಿಗೆ ದೊಡ್ಡದಾಗಿದೆಯಾ ಅಂತ ನೋಡಿದೆ. ಆ ಪೊರೆ ಇಲ್ಲದ ಮಕ್ಕಳಲ್ಲಿ, ಮೈಯ ಒಂದು ಪಕ್ಕ ಜಾಸ್ತಿ ಬೆಳೆದ ಮಕ್ಕಳಲ್ಲಿ ವಿಲ್ಮ್ಸ್ ಗಡ್ಡೆಯ ಸಾಧ್ಯತೆ ಹೆಚ್ಚು. ಈ ಮಗುವಿಗೆ ಅಂಥದ್ದೇನೂ ಇರಲಿಲ್ಲ.

ಆಮೇಲೆ ಬಿಪಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಳೆ ಮಗುವಿಗೆ ಬಿಪಿ ನೋಡುವ ರೂಢಿಯೇ ನಮ್ಮಲ್ಲಿ ಕಡಿಮೆ. ದೊಡ್ಡ ಮಕ್ಕಳ ಪಟ್ಟಿ ಸುತ್ತಿದರೆ ಕಡಿಮೆ ತೋರಿಸುತ್ತದೆ. ಅಳುವಾಗ ನೋಡಿದರೆ ಜಾಸ್ತಿ ತೋರಿಸುತ್ತದೆ. ಹಾಲು ಕುಡಿದು ಮಲಗಿದ ಮೇಲೆ, ಶಿಶುವಿನ ಅಳತೆಯ ಸಣ್ಣ ಪಟ್ಟಿಯನ್ನು ಬಲತೋಳಿಗೆ ಸುತ್ತಿ, ಬಿಟ್ಟು ಬಿಟ್ಟು ಮೂರು ಸಲ ನೋಡಿದೆವು. ಮೇಲಿನ ಸಂಖ್ಯೆ 118ರ ಆಸುಪಾಸು. ನಮಗೆ ನಿಮಗೆ ಅದು ಚೆಂದದ ಬಿಪಿ. ಏಳು ವಾರದ ಕೂಸಿಗೆ ಅದು ಬಹಳ ಜಾಸ್ತಿ. ಇಂಥ ಗಡ್ಡೆಗಳಲ್ಲಿ ರೆನಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ರಕ್ತದೊತ್ತಡ ಏರುತ್ತದೆ.

ರಕ್ತದಲ್ಲಿ ಕ್ಯಾಲ್ಸಿಯಂ 12.6. ಇದೂ ಹೆಚ್ಚು. ಈ ವಯಸ್ಸಿನಲ್ಲಿ ಕಿಡ್ನಿ ಗಡ್ಡೆಯ ಜೊತೆ ಕ್ಯಾಲ್ಸಿಯಂ ಏರಿದ್ದರೆ ಎರಡು ಕಾಯಿಲೆ ಮುಖ್ಯವಾಗಿ ನೆನಪಾಗಬೇಕು. ಒಂದು, ಜನ್ಮಜಾತ ಮೀಸೋಬ್ಲಾಸ್ಟಿಕ್ ನೆಫ್ರೋಮಾ. ಮೂರು ತಿಂಗಳೊಳಗಿನ ಕೂಸುಗಳ ಕಿಡ್ನಿಯಲ್ಲಿ ಅತಿ ಹೆಚ್ಚು ಕಾಣುವ ಗಡ್ಡೆ ಇದೇ, ಮತ್ತು ಬಹುಪಾಲು ಗುಣವಾಗುತ್ತದೆ. ಇನ್ನೊಂದು ರಾಬ್ಡಾಯ್ಡ್ ಗಡ್ಡೆ. ಅದು ಬಹಳ ಕೆಟ್ಟದ್ದು, ಮೆದುಳಿನಲ್ಲೂ ಜೊತೆಗೇ ಗಡ್ಡೆ ಇರಬಹುದು. ರಕ್ತದ ಒಂದೇ ಸಂಖ್ಯೆ ಎರಡು ದಿಕ್ಕಿಗೆ ಬೆರಳು ತೋರಿಸುತ್ತದೆ.

ಇಲ್ಲಿ ಆ ಎಂಟನೇ ತಿಂಗಳ ಸ್ಕ್ಯಾನ್ ನೆನಪಿಗೆ ಬಂತು. ಗರ್ಭದ ನೀರು ಜಾಸ್ತಿಯಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಎರಡೂ ಮೀಸೋಬ್ಲಾಸ್ಟಿಕ್ ನೆಫ್ರೋಮಾದ ಜೊತೆ ಕಾಣಿಸಿಕೊಳ್ಳುವ ಸಂಗತಿಗಳು. ಗಡ್ಡೆ ಹೊಟ್ಟೆಯಲ್ಲಿದ್ದಾಗಲೇ ಬೆಳೆಯುತ್ತಿತ್ತು ಅನ್ನುವುದಕ್ಕೆ ಅದು ಸೂಚನೆ. ತಾಯಿ ಕಾರ್ಡನ್ನು ಎಸೆಯದೆ ಇಟ್ಟುಕೊಂಡಿದ್ದರು. ದಯವಿಟ್ಟು ಎಲ್ಲರೂ ಇಟ್ಟುಕೊಳ್ಳಿ.

ಡಾಪ್ಲರ್ ಸ್ಕ್ಯಾನ್‌ನಲ್ಲಿ ಗಡ್ಡೆ ಆರೂವರೆ ಸೆಂಟಿಮೀಟರ್. ಕೆಲವು ಕಡೆ ಘನ, ಕೆಲವು ಕಡೆ ನೀರು ತುಂಬಿದ ಗುಳ್ಳೆ, ನಡುವೆ ರಕ್ತ ಸೋರಿದ ಗುರುತು. ಕಿಡ್ನಿಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಲಿಲ್ಲ. ಬಲ ಕಿಡ್ನಿ ಚೆನ್ನಾಗಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಉಳಿದಿದ್ದ ಕಿಡ್ನಿಯ ಅಂಚು ಗದ್ದೆ ಏಡಿಯ ಕೊಂಬಿನ ಹಾಗೆ ಗಡ್ಡೆಯನ್ನು ಹಿಡಿದುಕೊಂಡಿತ್ತು. ಹಾಗೆ ಕಂಡರೆ ಗಡ್ಡೆ ಕಿಡ್ನಿಯ ಒಳಗಿಂದಲೇ ಹುಟ್ಟಿದೆ ಅಂತ ಅರ್ಥ. ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿಯಿಂದ ಬರುವ ನ್ಯೂರೋಬ್ಲಾಸ್ಟೋಮಾ ಆದರೆ ಇಡೀ ಕಿಡ್ನಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಹೀಗೆ ಹಿಡಿತ ಕಾಣುವುದಿಲ್ಲ. ಶ್ವಾಸಕೋಶ ಶುಭ್ರವಾಗಿತ್ತು. ಮೆದುಳಿನ ಎಂಆರ್‌ಐ ಮುಂದೆ ಬೆಂಗಳೂರಿನಲ್ಲಿ ಆಯಿತು, ಅದೂ ಸರಿಯಾಗಿತ್ತು.

ಸೂಜಿ ಬೇಡ ಅಂದದ್ದು ಯಾಕೆ

ಅಪ್ಪನಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. 'ಏನು ಅಂತ ಗೊತ್ತಾಗದೆ ಕಿಡ್ನೀನೇ ತೆಗೆದುಬಿಡೋದಾ?' ಅಂದರು. ನ್ಯಾಯವಾದ ಪ್ರಶ್ನೆ.

ಹೇಳಿದ್ದು ಇಷ್ಟು. ಗಡ್ಡೆಯ ಸುತ್ತ ಒಂದು ಪೊರೆ ಇದೆ. ಸೂಜಿ ಚುಚ್ಚಿದರೆ ಆ ಪೊರೆಗೆ ತೂತು ಬೀಳುತ್ತದೆ, ಜೀವಕೋಶ ಹೊಟ್ಟೆಯೊಳಗೆ ಸೋರಬಹುದು, ರಕ್ತಸ್ರಾವ ಆಗಬಹುದು. ಅದು ಅಕಸ್ಮಾತ್ ವಿಲ್ಮ್ಸ್ ಆಗಿದ್ದರೆ, ಅಮೆರಿಕದ ಪದ್ಧತಿಯಲ್ಲಿ ಸೂಜಿ ಹಾಕಿದ ಒಂದೇ ಕಾರಣಕ್ಕೆ ಮೂರನೇ ಹಂತಕ್ಕೆ ಸೇರಿಸುತ್ತಾರೆ. ಆಗ ಔಷಧಿ ಜಾಸ್ತಿ, ವಿಕಿರಣವೂ ಬೇಕಾಗಬಹುದು. ಇಷ್ಟೆಲ್ಲ ಮಾಡಿ ಸಿಗುವ ತುಣುಕು ಅಕ್ಕಿಕಾಳಿನಷ್ಟು. ಈ ಗಡ್ಡೆಯೋ ಒಂದೊಂದು ಜಾಗದಲ್ಲಿ ಒಂದೊಂದು ತರ ಇದೆ. ಮೇಲಾಗಿ, ಈ ವಯಸ್ಸಿನಲ್ಲಿ ಉತ್ತರ ಏನೇ ಬಂದರೂ ಮೊದಲ ಹೆಜ್ಜೆ ಬದಲಾಗುವುದಿಲ್ಲ. ಪೂರ್ತಿ ತೆಗೆಯುವ ಹಾಗಿದ್ದರೆ ಪೂರ್ತಿ ತೆಗೆಯುವುದು. ಇಡೀ ಗಡ್ಡೆ ಕೈಗೆ ಬಂದ ಮೇಲೆ ಪೆಥಾಲಜಿಯವರು (ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ವೈದ್ಯರು) ಹೇಳುವ ಉತ್ತರವೇ ನಂಬಿಕೆಗೆ ಯೋಗ್ಯ.

ಕೀಮೋ ಮೊದಲೇ ಬೇಡ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಕೂಸಿನ ಲಿವರ್, ಕಿಡ್ನಿ ಇನ್ನೂ ಬಲಿತಿರುವುದಿಲ್ಲ. ಔಷಧಿ ಮೈಯಿಂದ ಬೇಗ ಹೊರಹೋಗುವುದಿಲ್ಲ. ಅದಕ್ಕೇ ಒಂದು ವರ್ಷದೊಳಗಿನ ಮಕ್ಕಳಿಗೆ ವಿನ್‌ಕ್ರಿಸ್ಟಿನ್, ಆಕ್ಟಿನೋಮೈಸಿನ್ ಕೊಡಲೇಬೇಕಾದಾಗಲೂ ಡೋಸ್ ಇಳಿಸುತ್ತಾರೆ. ಆಕ್ಟಿನೋಮೈಸಿನ್ ಲಿವರಿನ ಸಣ್ಣ ರಕ್ತನಾಳಗಳನ್ನು ಮುಚ್ಚಿಬಿಡುವ ಅಪಾಯ ಎಳೆಯರಲ್ಲಿ ಹೆಚ್ಚು.

ಇದು ಬರೀ ಪುಸ್ತಕದ ಮಾತಲ್ಲ. 1967ರವರೆಗೆ ಮಕ್ಕಳ ಕಿಡ್ನಿಯ ಗಡ್ಡೆ ಅಂದರೆ ಬಹುತೇಕ ಎಲ್ಲವೂ ವಿಲ್ಮ್ಸ್ ಲೆಕ್ಕಕ್ಕೇ ಸೇರುತ್ತಿತ್ತು. ಮ್ಯಾಕ್ಸ್ ವಿಲ್ಮ್ಸ್ ಅನ್ನುವ ಜರ್ಮನ್ ಶಸ್ತ್ರವೈದ್ಯರು 1899ರಲ್ಲಿ ಆ ಗಡ್ಡೆಯ ಬಗ್ಗೆ ಬರೆದಿದ್ದರು. ನವಜಾತ ಶಿಶುಗಳಿಗೂ ಅದೇ ವಿಕಿರಣ, ಅದೇ ಔಷಧಿ. 1967ರಲ್ಲಿ ರಾಬರ್ಟ್ ಬೋಲಂಡೆ ಅನ್ನುವ ಅಮೆರಿಕದ ಪೆಥಾಲಜಿಸ್ಟ್ ಮತ್ತು ಜೊತೆಗಾರರು, ಶಿಶುಗಳ ಈ ಗಡ್ಡೆ ಬೇರೆಯದೇ, ತೆಗೆದರೆ ಸಾಕು ಅಂತ ತೋರಿಸಿದರು. ಅಷ್ಟರಲ್ಲಿ ಕಾಯಿಲೆಗಿಂತ ಚಿಕಿತ್ಸೆಯಿಂದಲೇ ನರಳಿದ ಕೂಸುಗಳಿದ್ದವು. ಒಂದು ಹೆಸರು ಸರಿಯಾದ್ದರಿಂದ ಆಮೇಲೆ ಹುಟ್ಟಿದ ಎಷ್ಟೋ ಮಕ್ಕಳು ಆ ಔಷಧಿಗಳಿಂದ ಪಾರಾದರು. ಅವರ ಈ ಕೆಲಸದ ಬಗ್ಗೆ ನನಗೆ ಬಹಳ ಗೌರವ ಇದೆ.

ಅಪ್ಪ ಎಲ್ಲ ಕೇಳಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. 'ಹಂಗಾದ್ರೆ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಹೇಳಿ' ಅಂದರು.

ತುತ್ತದ ಔಷಧಿಯಿಂದ ಬಂತಾ?

ಹೊರಡುವ ಮೊದಲು ತಾಯಿ ಒಬ್ಬರೇ ಬಂದು ಕೇಳಿದ ಪ್ರಶ್ನೆ ಇದು. ಮಳೆಗಾಲದಲ್ಲಿ ಕೊಳೆರೋಗ ಬರದಿರಲಿ ಅಂತ ತೋಟಕ್ಕೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಕಲಸಿದ ನೀಲಿ ದ್ರಾವಣ. ಆಗ ಇವರಿಗೆ ಆರು ತಿಂಗಳು. ಹೊಡೆಯುವ ದಿನ ಅಂಗಳದಲ್ಲೇ ಇದ್ದರಂತೆ. ಗ್ರಹಣದ ದಿನ ಹೊರಗೆ ಕಾಲಿಟ್ಟಿದ್ದಕ್ಕೆ ಹೀಗಾಯಿತು ಅಂತ ಮನೆಯಲ್ಲಿ ಯಾರೋ ಅಂದಿದ್ದರು. ಆ ಮಾತು ಗಡ್ಡೆಗಿಂತ ಜಾಸ್ತಿ ಅವರನ್ನು ಹಿಂಡುತ್ತಿತ್ತು.

ಎರಡೂ ಅಲ್ಲ. ಈ ಗಡ್ಡೆ ತಾಯಿ ತಿಂದದ್ದರಿಂದ, ಮುಟ್ಟಿದ್ದರಿಂದ ಬರುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಮಗು ಬೆಳೆಯುವಾಗ ಕೋಟ್ಯಂತರ ಸಲ ಜೀವಕೋಶ ಒಡೆದು ಎರಡಾಗುತ್ತದೆ. ಅದರಲ್ಲಿ ಒಂದು ಕೋಶದಲ್ಲಿ ಆಕಸ್ಮಿಕವಾಗಿ ಒಂದು ತಪ್ಪು ಜೋಡಣೆ ಆಗುತ್ತದೆ. ತಾಯಿಯಿಂದಲೂ ಬಂದದ್ದಲ್ಲ, ತಂದೆಯಿಂದಲೂ ಬಂದದ್ದಲ್ಲ. ಇದನ್ನು ಅವರ ಗಂಡ, ಅತ್ತೆ ಎಲ್ಲರನ್ನೂ ಕೂರಿಸಿ ಇನ್ನೊಮ್ಮೆ ಹೇಳಿದೆ. ತಾಯಿಗೆ ಮಾತ್ರ ಹೇಳಿ ಕಳಿಸಿದರೆ ಪ್ರಯೋಜನ ಇಲ್ಲ.

ಆಪರೇಷನ್

ಇಷ್ಟು ಸಣ್ಣ ಮಗುವಿನ ಕಿಡ್ನಿ ತೆಗೆಯಲು ಮಕ್ಕಳ ಶಸ್ತ್ರವೈದ್ಯರು ಬೇಕು, ಕೂಸುಗಳಿಗೆ ಅರಿವಳಿಕೆ ಕೊಟ್ಟು ಪಳಗಿದವರು ಬೇಕು, ನವಜಾತ ಶಿಶು ಐಸಿಯು ಬೇಕು, ಮಕ್ಕಳ ಗಡ್ಡೆ ನೋಡಿ ಅಭ್ಯಾಸವಿರುವ ಪೆಥಾಲಜಿಸ್ಟ್ ಬೇಕು. ನಾಲ್ಕೂ ಒಂದೇ ಸೂರಿನಡಿ ಇರಬೇಕು. ಮಲೆನಾಡಿನಿಂದ ಇದಕ್ಕೆ ಎರಡು ದಾರಿ. ಆಗುಂಬೆ ಘಾಟಿ ಇಳಿದು ಮಣಿಪಾಲದ ಕಡೆ, ಇಲ್ಲವೇ ಬೆಂಗಳೂರು. ಇವರಿಗೆ ಬೆಂಗಳೂರಿನಲ್ಲಿ ನೆಂಟರಿದ್ದರು. ಅಲ್ಲಿನ ಒಂದು ಮಕ್ಕಳ ಆಸ್ಪತ್ರೆಯವರ ಜೊತೆ ಮಾತಾಡಿ ಜಾಗ ಗೊತ್ತುಮಾಡಿದೆವು.

ಖರ್ಚಿನ ಮಾತೂ ಹೇಳಬೇಕು. ಬಿಪಿಎಲ್ ಕಾರ್ಡ್ ಇದ್ದ ಕುಟುಂಬ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದನ್ನು ಮೊದಲೇ ಮಾಡಿಸಿಕೊಳ್ಳದೆ ರಾತ್ರೋರಾತ್ರಿ ಹೊರಟುಬಿಡುವವರು ಬಹಳ. ಆಮೇಲೆ ತೋಟದ ಮೇಲೆ ಸಾಲ ಮಾಡುತ್ತಾರೆ. ಈ ಗಡ್ಡೆಗೆ ಒಂದು ದಿನ ತಡವಾದರೆ ಏನೂ ಆಗುವುದಿಲ್ಲ. ಪತ್ರ ಮಾಡಿಸಿಕೊಂಡೇ ಹೋಗಿ.

ಅಲ್ಲಿ ಮೊದಲು ಕ್ಯಾಲ್ಸಿಯಂ ಇಳಿಸಿದರು. ಡ್ರಿಪ್ ಮತ್ತು ಮೂತ್ರ ಹೆಚ್ಚಿಸುವ ಔಷಧಿ. ಬಿಪಿಗೆ ಮಗುವಿನ ತೂಕಕ್ಕೆ ಅಳೆದ ಅಮ್ಲೋಡಿಪಿನ್. ಈ ಎರಡನ್ನು ಸರಿಮಾಡದೆ ಅರಿವಳಿಕೆ ಕೊಡುವುದು ಅಪಾಯ.

3.6 ಕಿಲೋ ಮಗುವಿನ ಮೈಯಲ್ಲಿ ಇರುವ ರಕ್ತವೇ ಸುಮಾರು 290 ಮಿಲಿಲೀಟರ್. ಒಂದು ದೊಡ್ಡ ಲೋಟ ಅಷ್ಟೇ. ಅದರಲ್ಲಿ 50 ಮಿಲಿಲೀಟರ್ ಹೋದರೂ ದೊಡ್ಡ ಮಾತು. ಅದಕ್ಕೇ ಹೊಟ್ಟೆಯ ಅಡ್ಡಕ್ಕೆ ಅಗಲವಾಗಿ ತೆರೆದು, ಕಣ್ಣಿಗೆ ಕಾಣುವ ಹಾಗೆ ಕೆಲಸ ಮಾಡುತ್ತಾರೆ. ದುರ್ಬೀನಿನ ಸಣ್ಣ ತೂತಿನ ಆಪರೇಷನ್ ಇಲ್ಲಿ ಬೇಡ. ಮೊದಲು ಕಿಡ್ನಿಯ ರಕ್ತನಾಳ ಕಟ್ಟಿದರು. ಆಮೇಲೆ ಗಡ್ಡೆ, ಕಿಡ್ನಿ, ಸುತ್ತಲಿನ ಕೊಬ್ಬು, ಮೂತ್ರನಾಳ ಎಲ್ಲವನ್ನೂ ಒಟ್ಟಿಗೆ, ಒಡೆಯದೆ ಹೊರತೆಗೆದರು. ಹತ್ತಿರದ ದುಗ್ಧಗ್ರಂಥಿಗಳ ಮಾದರಿಯನ್ನೂ ತೆಗೆದರು. ಕಣ್ಣಿಗೆ ಚೆನ್ನಾಗಿ ಕಂಡರೂ ಗ್ರಂಥಿ ತೆಗೆಯಲೇಬೇಕು, ಇಲ್ಲದಿದ್ದರೆ ಹಂತ ಹೇಳಲು ಆಗುವುದಿಲ್ಲ. ರಕ್ತ ಹೋದದ್ದು 35 ಮಿಲಿಲೀಟರ್. ತೆಗೆದದ್ದರ ತೂಕ 190 ಗ್ರಾಂ.

ಮೂರನೇ ದಿನಕ್ಕೆ ಕ್ಯಾಲ್ಸಿಯಂ ತಾನಾಗೇ ಸರಿಯಾಯಿತು. ಬಿಪಿ ಇಳಿದು, ವಾರದೊಳಗೆ ಔಷಧಿ ನಿಲ್ಲಿಸಿದರು.

ಪೆಥಾಲಜಿ ವರದಿ

ಪೆಥಾಲಜಿಸ್ಟ್ ಫೋನ್ ಮಾಡಿ ಓದಿ ಹೇಳಿದರು. ಸೂಕ್ಷ್ಮದರ್ಶಕದಲ್ಲಿ ದಪ್ಪನೆ ಕದಿರಿನಾಕಾರದ ಕೋಶಗಳು ಒತ್ತೊತ್ತಾಗಿ, ವಿಭಜನೆ ಜೋರು. ಇದು ಮೀಸೋಬ್ಲಾಸ್ಟಿಕ್ ನೆಫ್ರೋಮಾದ 'ಸೆಲ್ಯುಲರ್' ಬಗೆ. 'ಕ್ಲಾಸಿಕ್' ಅಂತ ಇನ್ನೊಂದು ಬಗೆ ಇದೆ, ಅದು ಇನ್ನೂ ಸಾಧು. ಎರಡೂ ಬೆರೆತದ್ದೂ ಇರುತ್ತದೆ.

ನೋಟಕ್ಕೆ ಹೋಲುವ ಬೇರೆ ಗಡ್ಡೆಗಳನ್ನು ಒಂದೊಂದಾಗಿ ಹೊರಗಿಡಬೇಕಿತ್ತು. ರಾಬ್ಡಾಯ್ಡ್ ಗಡ್ಡೆಯಲ್ಲಿ ಐಎನ್‌ಐ1 ಅನ್ನುವ ಪ್ರೋಟೀನು ಕಾಣೆಯಾಗಿರುತ್ತದೆ. ಇಲ್ಲಿ ಅದು ಇತ್ತು. ಆ ಒಂದು ಬಣ್ಣದ ಪರೀಕ್ಷೆಗೆ ನಾವೆಲ್ಲ ಉಸಿರು ಹಿಡಿದು ಕಾಯುತ್ತಿದ್ದೆವು. ಮೂಳೆಗೆ ಹರಡುವ ಕ್ಲಿಯರ್ ಸೆಲ್ ಸಾರ್ಕೋಮಾದ ಗುರುತೂ ಇರಲಿಲ್ಲ. ವಿಲ್ಮ್ಸ್ ಗಡ್ಡೆಯ ಕೋಶಗಳೂ ಇರಲಿಲ್ಲ. ಟಿಆರ್‌ಕೆ ಪ್ರೋಟೀನಿನ ಬಣ್ಣ ಮಾತ್ರ ಗಾಢವಾಗಿ ಹಿಡಿಯಿತು. ಆಮೇಲೆ ಜೀನ್ ಪರೀಕ್ಷೆಯಲ್ಲೂ ಖಚಿತವಾಯಿತು.

ಆಗಲೇ ಹೇಳಿದ ತಪ್ಪು ಜೋಡಣೆ ಇದೇ. 12ನೇ ಕ್ರೋಮೋಸೋಮಿನ ಇಟಿವಿ6 ಜೀನು, 15ನೇ ಕ್ರೋಮೋಸೋಮಿನ ಎನ್‌ಟಿಆರ್‌ಕೆ3 ಜೀನು, ಎರಡೂ ತುಂಡಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಾಗೆ ಹುಟ್ಟಿದ ಪ್ರೋಟೀನು ಬೆಳೆ, ಬೆಳೆ ಅನ್ನುವ ಸೂಚನೆಯನ್ನು ನಿಲ್ಲಿಸುವುದೇ ಇಲ್ಲ. 1998ರಲ್ಲಿ ಇದು ಪತ್ತೆಯಾಯಿತು. ಶಿಶುಗಳ ಫೈಬ್ರೋಸಾರ್ಕೋಮಾದಲ್ಲೂ ಇದೇ ಜೋಡಣೆ. ದೊಡ್ಡವರ ಸ್ತನದ, ಜೊಲ್ಲುಗ್ರಂಥಿಯ ಒಂದು ಅಪರೂಪದ ಕ್ಯಾನ್ಸರಿನಲ್ಲೂ ಇದೇ. ಈ ಜೋಡಣೆಯನ್ನೇ ಗುರಿಯಾಗಿಸಿ ಲಾರೋಟ್ರೆಕ್ಟಿನಿಬ್ ಅನ್ನುವ ಔಷಧಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಡ್ಡೆ ತೆಗೆಯಲಾಗದಷ್ಟು ದೊಡ್ಡದಿದ್ದರೆ, ಮತ್ತೆ ಬಂದರೆ, ಇದು ಕೈಯಲ್ಲಿರುವ ಒಂದು ದಾರಿ. ಹನಿಯ ರೂಪದಲ್ಲೂ ಇದೆ. ಬೆಲೆ ಮಾತ್ರ ನಮ್ಮ ಜನಕ್ಕೆ ನಿಲುಕುವಂಥದ್ದಲ್ಲ, ಅದು ನನಗೆ ನೋವಿನ ವಿಷಯ.

ಗಡ್ಡೆ ಕಿಡ್ನಿಯ ಒಳಕುಳಿಯ ಕೊಬ್ಬಿಗೆ ತಾಗಿತ್ತು, ಆದರೆ ಕತ್ತರಿಸಿದ ಅಂಚುಗಳೆಲ್ಲ ಶುಭ್ರ. ಗ್ರಂಥಿಗಳೂ ಶುಭ್ರ. ಎರಡನೇ ಹಂತ. ಸೆಲ್ಯುಲರ್ ಬಗೆ ಅಲ್ವಾ, ಈಗ ಕೀಮೋ ಕೊಡಬೇಕಲ್ಲ ಅಂತ ಚರ್ಚೆ ಆಯಿತು. ಮೂರನೇ ಹಂತದಲ್ಲಿದ್ದು, ಮಗುವಿಗೆ ಮೂರು ತಿಂಗಳು ದಾಟಿದ್ದರೆ ಮರಳುವ ಸಾಧ್ಯತೆ ಹೆಚ್ಚು, ಅಲ್ಲಿ ಆ ಯೋಚನೆ ಸರಿ. ಇಲ್ಲಿ ವಯಸ್ಸು ಎರಡು ತಿಂಗಳು, ಅಂಚು ಶುಭ್ರ. ಕೀಮೋ ಬೇಡ, ಕಣ್ಣಿಟ್ಟು ಕಾಯೋಣ ಅಂತ ಎಲ್ಲರೂ ಒಪ್ಪಿದರು. ನನ್ನ ಅಭಿಪ್ರಾಯವೂ ಅದೇ. ಈ ಗಡ್ಡೆ ಬಂದ ಮಕ್ಕಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ಅಂಥ ಕಡೆ ಔಷಧಿ ಕೊಡುವುದಕ್ಕೆ ಗಟ್ಟಿ ಕಾರಣ ಬೇಕು.

ದೊಡ್ಡವರಿಗೂ ಬರುತ್ತಾ?

'ನನಗೂ ಮಗಳಿಗೂ ಸ್ಕ್ಯಾನ್ ಮಾಡಿಸಬೇಕಾ?' ಅಂತ ಅಜ್ಜಿ ಕೇಳಿದರು. ಈ ಕಾಯಿಲೆಗಾಗಿ ಬೇಡ. ಇದು ಮನೆತನದಲ್ಲಿ ಹರಿಯುವುದಲ್ಲ.

ಆದರೆ ಈ ಪ್ರಶ್ನೆಯ ಹಿಂದೆ ಒಂದು ಕತೆ ಇದೆ. ಹಿಂದೆ ದೊಡ್ಡವರಲ್ಲೂ ಕೆಲವು ಗಡ್ಡೆಗಳನ್ನು 'ವಯಸ್ಕರ ಮೀಸೋಬ್ಲಾಸ್ಟಿಕ್ ನೆಫ್ರೋಮಾ' ಅಂತ ಕರೆಯುತ್ತಿದ್ದರು. ನೋಡಲು ಹೋಲುತ್ತವೆ ಅಷ್ಟೇ. ಆ ಜೀನ್ ಜೋಡಣೆ ಅವುಗಳಲ್ಲಿ ಇಲ್ಲ. ಈಗ ಅದಕ್ಕೆ ಮಿಕ್ಸ್ಡ್ ಎಪಿತೀಲಿಯಲ್ ಸ್ಟ್ರೋಮಲ್ ಟ್ಯೂಮರ್ ಅನ್ನುತ್ತಾರೆ. ಬಹುಪಾಲು ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನ ಹೆಂಗಸರಲ್ಲಿ ಕಾಣುತ್ತದೆ, ಕೆಲವರು ಈಸ್ಟ್ರೋಜನ್ ಮಾತ್ರೆ ತೆಗೆದುಕೊಂಡಿರುತ್ತಾರೆ. ಗಡ್ಡೆಯ ಕೋಶಗಳಲ್ಲಿ ಹೆಣ್ಣು ಹಾರ್ಮೋನಿನ ಗ್ರಾಹಕಗಳಿರುತ್ತವೆ. ಸ್ಕ್ಯಾನ್‌ನಲ್ಲಿ ಗುಳ್ಳೆ, ಘನ ಎರಡೂ ಸೇರಿ ಕ್ಯಾನ್ಸರಿನಂತೆಯೇ ಕಾಣುತ್ತದೆ, ತೆಗೆದು ನೋಡಿದರೆ ಸಾಮಾನ್ಯವಾಗಿ ಸಾಧು. ಹಾಗಾಗಿ ಆದಷ್ಟೂ ಕಿಡ್ನಿ ಉಳಿಸಿ ಗಡ್ಡೆ ಮಾತ್ರ ತೆಗೆಯುವ ಯೋಚನೆ ಮಾಡುತ್ತಾರೆ.

ದೊಡ್ಡವರಲ್ಲಿ ಲೆಕ್ಕಾಚಾರವೇ ತಲೆಕೆಳಗು. ಘನವಾದ ಕಿಡ್ನಿ ಗಡ್ಡೆ ಕಂಡರೆ ಮೊದಲ ಅನುಮಾನ ರೀನಲ್ ಸೆಲ್ ಕ್ಯಾನ್ಸರ್. ವಿಲ್ಮ್ಸ್‌ಗೆ ಅಷ್ಟು ಚೆನ್ನಾಗಿ ಕೆಲಸ ಮಾಡುವ ಹಳೆಯ ಕೀಮೋ ಔಷಧಿಗಳಿಗೆ ಅದು ಬಗ್ಗುವುದಿಲ್ಲ. ಸೂಜಿ ಪರೀಕ್ಷೆ ಮಾತ್ರ ದೊಡ್ಡವರ ಸಣ್ಣ ಗಡ್ಡೆಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಸಿಟಿಯಲ್ಲಿ ಗಡ್ಡೆಯೊಳಗೆ ಕೊಬ್ಬು ಕಂಡರೆ ಬಹುಪಾಲು ಆಂಜಿಯೋಮಯೋಲಿಪೋಮಾ, ಅದು ಕ್ಯಾನ್ಸರ್ ಅಲ್ಲ. ಆದರೆ 4 ಸೆಂಟಿಮೀಟರ್ ದಾಟಿದರೆ ಇದ್ದಕ್ಕಿದ್ದಂತೆ ಒಳಗೆ ರಕ್ತಸ್ರಾವ ಆಗುವ ಭಯ ಹೆಚ್ಚು. ರಕ್ತನಾಳದ ಮೂಲಕ ಹೋಗಿ ಅದಕ್ಕೆ ರಕ್ತ ಹೋಗದಂತೆ ಮುಚ್ಚುತ್ತಾರೆ. ಫಿಟ್ಸ್, ಮುಖದ ಮೇಲೆ ಸಣ್ಣ ಗುಳ್ಳೆ, ಎರಡೂ ಕಿಡ್ನಿಯಲ್ಲಿ ಇಂಥ ಗಡ್ಡೆ ಇದ್ದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಅನ್ನುವ ಜೀನ್ ದೋಷದ ಕಾಯಿಲೆಯ ಅನುಮಾನ ಪಡಬೇಕು. ಅವರಿಗೆ ಎವೆರೋಲಿಮಸ್ ಮಾತ್ರೆ ಇದೆ. ಇನ್ನೊಂದು, ಹರೆಯದಲ್ಲೇ ವಿಪರೀತ ಬಿಪಿ ಇದ್ದು ಪೊಟ್ಯಾಸಿಯಂ ಕಡಿಮೆ ಇದ್ದರೆ, ರೆನಿನ್ ಸುರಿಸುವ ಸಣ್ಣ ಗಡ್ಡೆ ಕಿಡ್ನಿಯಲ್ಲಿ ಅಡಗಿರಬಹುದು. ತೆಗೆದರೆ ಬಹುಪಾಲು ಮಂದಿಗೆ ಬಿಪಿ ಇಳಿಯುತ್ತದೆ. ಇಪ್ಪತ್ತೈದರ ಹುಡುಗನಿಗೆ ಟೆನ್ಷನ್ ಜಾಸ್ತಿ ಅಂತ ಹೇಳಿ ಮಾತ್ರೆ ಬರೆದು ಕಳಿಸುವ ಮೊದಲು ಇದು ನೆನಪಿರಲಿ.

ಈಗ

ಮಗುವಿಗೆ ಈಗ ಒಂದು ವರ್ಷ ಐದು ತಿಂಗಳು. ಓಡಾಡುತ್ತಾಳೆ. ಬಲ ಕಿಡ್ನಿ ವಯಸ್ಸಿಗೆ ಮೀರಿ ಸ್ವಲ್ಪ ದೊಡ್ಡದಾಗಿದೆ, ಎರಡರ ಕೆಲಸ ಒಂದೇ ಮಾಡುವಾಗ ಹಾಗಾಗಬೇಕು. ಮರಳಿದರೆ ಹೆಚ್ಚಾಗಿ ಮೊದಲ ವರ್ಷದೊಳಗೇ ಮರಳುತ್ತದೆ. ಅದಕ್ಕೇ ಆ ಅವಧಿಯಲ್ಲಿ ಎರಡು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ಶಿವಮೊಗ್ಗದಲ್ಲೇ ಆಯಿತು, ಪ್ರತಿ ಸಲ ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ಎಲ್ಲವೂ ಶುಭ್ರ. ಲಸಿಕೆಗಳೆಲ್ಲ ಬೇರೆ ಮಕ್ಕಳ ಹಾಗೇ ಹಾಕಿಸಿದ್ದೇವೆ.

ಮನೆಯವರ ಚಿಂತೆ ಈಗ ಬೇರೆ. ಒಂದೇ ಕಿಡ್ನಿಯ ಹುಡುಗಿ, ಮುಂದೆ ಮದುವೆ ಹೇಗೆ ಅಂತ. ಒಂದು ಕಿಡ್ನಿಯಲ್ಲಿ ಓದಬಹುದು, ಆಡಬಹುದು, ಮದುವೆಯಾಗಿ ಮಕ್ಕಳನ್ನು ಹೆರಬಹುದು. ತಮ್ಮವರಿಗೆ ಕಿಡ್ನಿ ದಾನ ಮಾಡಿದ ಸಾವಿರಾರು ಜನ ಒಂದೇ ಕಿಡ್ನಿಯಲ್ಲಿ ಬದುಕುತ್ತಿದ್ದಾರೆ. ವರ್ಷಕ್ಕೊಮ್ಮೆ ಬಿಪಿ ನೋಡಿಸಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ಸುಮ್ನೆ ನುಂಗಿಸಬಾರದು. ಯಾವ ಡಾಕ್ಟರ ಹತ್ತಿರ ಹೋದರೂ ಒಂದೇ ಕಿಡ್ನಿ ಅಂತ ಮೊದಲು ಹೇಳಬೇಕು.

ಫೈಲಿನಲ್ಲಿ ಆಪರೇಷನ್ ನೋಟು, ಪೆಥಾಲಜಿ ವರದಿ, ಜೀನ್ ವರದಿ ಮೂರರ ಜೆರಾಕ್ಸ್ ಇದೆ. ಗಡ್ಡೆಯ ತುಣುಕನ್ನು ಮೇಣದಲ್ಲಿ ಹಾಕಿ ಇಟ್ಟಿರುವ ಬ್ಲಾಕಿನ ಸಂಖ್ಯೆಯನ್ನೂ ಮೇಲೆ ಬರೆದಿದ್ದೇವೆ, ಮುಂದೆ ಯಾರಿಗಾದರೂ ಮತ್ತೆ ಪರೀಕ್ಷೆ ಮಾಡಬೇಕಾದರೆ ಬೇಕಾಗುತ್ತದೆ. ಮುಂದಿನ ಸ್ಕ್ಯಾನ್ ಯುಗಾದಿ ಕಳೆದ ಮೇಲೆ, ಜೊತೆಗೆ ಎದೆಯ ಎಕ್ಸ್‌ರೇ. ಎರಡೂ ಸರಿಯಿದ್ದರೆ ಅಲ್ಲಿಂದ ಆರು ತಿಂಗಳಿಗೊಮ್ಮೆ ಸಾಕು.